ನಟ್ಟಿನ ಕೆಳಗೊಂದು ನಟ್ಟು

ಜೂನ್ 12, ಸೋಮವಾರ

ಅಂಕಪಟ್ಟಿಗಳ ಕಟ್ಟು ತಲುಪಿಸಲು ಶಾಲೆಗೆ ಹೋದಾಗ ಅವನನ್ನು ನೋಡಿದೆ. ಹೊಸ ವಿಜ್ಞಾನ ಮೇಷ್ಟ್ರು. ಅಂಗಿಯ ತೋಳಿನ ಮೇಲಿದ್ದ ಇಸ್ತ್ರಿಯ ಗೆರೆಯಲ್ಲಿ ನಮ್ಮ ಪ್ರೆಸ್ಸಿನ ಕಾಗದ ಕತ್ತರಿಸಬಹುದಿತ್ತು. ಇನ್ನು ಮುಂದೆ ನನ್ನ ಮಟ್ಟಿಗೆ ಅವನ ಹೆಸರು ಇಸ್ತ್ರಿ.

"ಭಾನುವಾರದ ಕ್ಲಾಸು ಮಾಡೋರು ನೀವೇನಾ? ಮಕ್ಕಳು ಬಾಯಿ ತೆಗೆದ್ರೆ ಅಕ್ಕ ಅಕ್ಕ ಅಂತಾರೆ. ನೋಡ್ಬೇಕು ಅನ್ಕೊಂಡಿದ್ದೆ ಮೇಡಂ" ಅಂದ.

ಮೇಡಂ! ಹತ್ತನೇ ಕ್ಲಾಸು ಮುಗಿಸಿ ಸೋದರಮಾವನ ಪ್ರೆಸ್ಸು ಸೇರಿದವಳನ್ನು ಯಾರೂ ಹಾಗೆ ಕರೆಯುವುದಿಲ್ಲ. ಇದು ಗೌರವವಲ್ಲ, ಗೇಲಿ.

ಈ ಶಾಲೆಗೆ ವಿಜ್ಞಾನದ ಮೇಷ್ಟ್ರೇ ಇಲ್ಲದಿದ್ದಾಗ ಇವನ ಪದವಿ ಎಲ್ಲಿತ್ತು? ಮುರುಕು ಬೆಂಚು ತುಂಬಿದ್ದ ಹಿಂದಿನ ಕೋಣೆಯನ್ನು ಗುಡಿಸಿದವಳು ನಾನು. ಜೇಡರ ಬಲೆ ಹೊಡೆದವಳು ನಾನು. ಹೆಡ್‌ಮಿಸ್ಟ್ರೆಸ್ ದೊಡ್ಡ ಮೇಡಂ ಅವರ ಹಿಂದೆ ಬಿದ್ದು ಆ ಕೋಣೆಯ ಬೀಗದ ಕೈ ಪಡೆದವಳು ನಾನು. ಅಚ್ಚು ಹಾಕಿಸಿದವರೇ ಒಯ್ಯದೆ ಬಿಟ್ಟು ಪ್ರೆಸ್ಸಿನ ಅಟ್ಟದಲ್ಲಿ ಕೊಳೆಯುತ್ತಿದ್ದ ವಿಜ್ಞಾನದ ಕರಪತ್ರಗಳನ್ನೆಲ್ಲ ಓದಿ, ಪ್ರತಿ ಭಾನುವಾರ ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆ ಕೋಣೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದೇನೆ: ಯಾರು ಹೇಳಿದರು ಎಂದು ಕೇಳಬೇಡ, ಅಳೆದು ನೋಡು.

ಇಸ್ತ್ರಿ ಅದನ್ನು ಓದಿ, "ತುಂಬಾ ಚೆನ್ನಾಗಿದೆ" ಅಂದ. ನನ್ನ ಗೋಡೆಗೆ ಇವನ ಸರ್ಟಿಫಿಕೇಟು ಯಾರು ಕೇಳಿದರು?

ಜೂನ್ 15, ಗುರುವಾರ

ಅವನ ಹತ್ತಿರ ಸ್ಟಾಪ್‌ವಾಚ್ ಇದೆಯಂತೆ. ಗುಂಡಿ ಒತ್ತಿದರೆ ಓಡುತ್ತದಂತೆ, ಮತ್ತೆ ಒತ್ತಿದರೆ ನಿಲ್ಲುತ್ತದಂತೆ. ಹಿತ್ತಾಳೆಯ ತೂಕದ ಬೊಟ್ಟುಗಳ ಒಂದು ಮರದ ಪೆಟ್ಟಿಗೆಯೂ ಇದೆಯಂತೆ, ಒಳಗೆ ಮಖಮಲ್ಲಿನ ಹಾಸು. ಇದನ್ನೆಲ್ಲ ನನಗೆ ವರದಿ ಮಾಡಿದ್ದು ಯಾಕಮ್ಮ. ಎಲ್ಲದಕ್ಕೂ 'ಯಾಕೆ' ಅನ್ನುತ್ತಾಳೆಂದು ಮಕ್ಕಳೇ ಇಟ್ಟ ಹೆಸರು. ಶಾಲೆ ಬಿಟ್ಟ ಮೇಲೆ ಪ್ರೆಸ್ಸಿನ ಬಾಗಿಲಿಗೆ ಬಂದು, ಕಾಗದದ ಚೂರುಗಳನ್ನು ಆರಿಸಿಕೊಳ್ಳುತ್ತಾ ಹೇಳಿದಳು.

"ನಮ್ಮ ಕೋಣೆಯ ಗೋಡೆ ಗಡಿಯಾರಕ್ಕೇನಾಗಿದೆ?" ಅಂತ ಕೇಳಿದೆ.

"ಏನೂ ಆಗಿಲ್ಲ ಅಕ್ಕ. ಆದ್ರೆ ಅದು ನಾವು ಹೇಳ್ದಾಗ ನಿಲ್ಲಲ್ಲ."

ಗಡಿಯಾರ ನಿಲ್ಲಬಾರದು ಕಣೇ, ಅದಕ್ಕೇ ಅದನ್ನು ಗಡಿಯಾರ ಅನ್ನುವುದು ಅಂದೆ. ನಕ್ಕಳು. ಅವಳ ನಗುವಿನ ಅರ್ಧ ಭಾಗ ಆ ಸ್ಟಾಪ್‌ವಾಚಿನ ಹತ್ತಿರವೇ ಉಳಿದಿದ್ದಂತೆ ಕಂಡಿತು.

ಜೂನ್ 18, ಭಾನುವಾರ

ಗೆದ್ದೆ!

ಕ್ಲಾಸು ಶುರುವಾಗುವ ಮೊದಲೇ ಡಬ್ಬಿ (ಊಟದ ಡಬ್ಬಿ ಬಿಟ್ಟು ಒಂದು ಹೆಜ್ಜೆ ಇಡದ ಹುಡುಗ) ಎದ್ದು ನಿಂತ. "ಅಕ್ಕ, ದಾರಕ್ಕೆ ತೂಕ ಕಟ್ಟಿ ತೂಗಿಬಿಟ್ರೆ, ತೂಕ ಜಾಸ್ತಿ ಆದ್ರೂ ಕಮ್ಮಿ ಆದ್ರೂ ತೂಗೋಕೆ ಅಷ್ಟೇ ಹೊತ್ತು ಹಿಡಿಯುತ್ತಂತೆ. ಸಾರ್ ಹೇಳಿದ್ರು."

"ಸಾರ್ ಹೇಳಿದ್ರು! ಗೋಡೆ ಮೇಲೇನಿದೆ ಓದು."

ಓದಿದ. ಎಲ್ಲರೂ ಒಟ್ಟಿಗೆ ಓದಿದರು. ಆಮೇಲೆ ನನ್ನ ಲೋಲಕವನ್ನು ಕಿಟಕಿಯ ಮೇಲಿನ ಮೊಳೆಗೆ ನೇತುಹಾಕಿದೆ. ಲೋಲಕ ಎಂದರೆ ಒಂದು ದಾರ, ತುದಿಯಲ್ಲಿ ನಮ್ಮ ಹಳೆಯ ಅಚ್ಚಿನ ಯಂತ್ರದಿಂದ ಕಳಚಿದ ಒಂದು ದಪ್ಪ ಕಬ್ಬಿಣದ ನಟ್ಟು. ಅದನ್ನು ಪಕ್ಕಕ್ಕೆಳೆದು ಬಿಟ್ಟರೆ ಆಚೆ ಹೋಗಿ ಈಚೆ ಬರುತ್ತದೆ. ಅದು ಒಂದು ತೂಗು. ಒಂದು ತೂಗಿನ ಹೊತ್ತನ್ನು ಕಣ್ಣಂದಾಜಿನಲ್ಲಿ ಹಿಡಿಯಲಾಗದು, ಅದಕ್ಕೇ ಹತ್ತನ್ನು ಎಣಿಸಿ ಗಡಿಯಾರ ನೋಡುತ್ತೇವೆ.

ತೂಕ ಹೆಚ್ಚಿಸುವ ಉಪಾಯ ನನ್ನದೇ. ಪ್ರತಿ ನಟ್ಟಿಗೂ ತಂತಿಯ ಕೊಕ್ಕೆ ಮಾಡಿದ್ದೇನೆ. ಒಂದರ ಕೆಳಗೊಂದು ಸಿಕ್ಕಿಸುತ್ತಾ ಹೋಗಬಹುದು, ರೈಲಿನ ಬೋಗಿಗಳ ಹಾಗೆ. ಯಾವ ಮಖಮಲ್ಲಿನ ಪೆಟ್ಟಿಗೆಯೂ ಬೇಕಿಲ್ಲ.

"ನಮ್ಮ ನಿಯಮ ಏನು?" ಅಂದೆ.

"ಒಂದನ್ನೇ ಬದಲಿಸು, ಮಿಕ್ಕಿದ್ದನ್ನ ಕಟ್ಟಿಹಾಕು!"

"ಏನೇನು ಕಟ್ಟಿಹಾಕಿದೀವಿ?"

"ದಾರ ಅದೇ! ಮೊಳೆ ಅದೇ! ಗಡಿಯಾರ ಅದೇ! ಎಳೆಯೋ ದೂರ ಅದೇ!"

ಒಂಟಿ ನಟ್ಟಿಗೆ ಹತ್ತು ತೂಗಿಗೆ ಹದಿನಾಲ್ಕು ಸೆಕೆಂಡ್. ಐದು ನಟ್ಟಿನ ಸಾಲಿಗೆ ಹದಿನೈದೂವರೆ. ಮತ್ತೆ ಮಾಡಿದೆವು, ಮತ್ತೆ ಅಷ್ಟೇ. ಭಾರ ಹೆಚ್ಚಿದರೆ ನಿಧಾನ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮಕ್ಕಳು ಕೂಗಿ ಕೋಣೆಯನ್ನೇ ಎತ್ತಿಹಾಕಿದರು. ಯಾಕಮ್ಮ ಮಾತ್ರ ಕೆನ್ನೆಗೆ ಕೈ ಕೊಟ್ಟು ಕೂತಿದ್ದಳು.

"ಏನೇ?"

"ಹಾಗಾದ್ರೆ ಸಾರ್ ಅಳೆದಾಗ ಯಾಕೆ ಒಂದೇ ಬಂತು?"

ಅವನು ಅಳೆದಿರಲಾರ. ಪುಸ್ತಕದಲ್ಲಿ ಓದಿ ಉರು ಹೊಡೆದಿರುತ್ತಾನೆ. ಹಾಗೆಂದು ಹೇಳಿದೆ.

"ಇಲ್ಲ ಅಕ್ಕ. ನಮ್ಮೆದುರಿಗೇ ಅಳೆದ್ರು."

ಆ 'ನಮ್ಮೆದುರಿಗೇ' ಇಡೀ ದಿನ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚಿತು.

ಜೂನ್ 20, ಮಂಗಳವಾರ

ಕರಪತ್ರ ಅಚ್ಚು ಹಾಕಿದೆ. ಮಾವ ಊಟಕ್ಕೆ ಹೋದ ಹೊತ್ತು ನೋಡಿ, ಮದುವೆ ಕಾಗದದಲ್ಲಿ ಉಳಿದಿದ್ದ ಗುಲಾಬಿ ಬಣ್ಣದ ಹಾಳೆಗಳ ಮೇಲೆ.

'ಅಳೆದವರು ಯಾರು? ಓದಿ ಒಪ್ಪಿಸಿದವರು ಯಾರು? ವಿಜ್ಞಾನ ಪದವಿಯ ಸ್ವತ್ತಲ್ಲ! ಭಾರ ಹೆಚ್ಚಿದರೆ ಲೋಲಕ ನಿಧಾನವಾಗುತ್ತದೆ ಎಂದು ಭಾನುವಾರದ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಇಲ್ಲ ಎನ್ನುವವರು ಎಲ್ಲರೆದುರು ತೋರಿಸಲಿ!'

ಮಾವ ತೇಗುತ್ತಾ ಬಂದವನು ಒಂದು ಹಾಳೆ ಎತ್ತಿ ಓದಿದ. "ವಿಜ್ಞಾನಿಗಳೇ, ಇದು ಯಾರ ಮೇಲೆ ಯುದ್ಧ?"

"ಅಜ್ಞಾನದ ಮೇಲೆ."

"ಅಜ್ಞಾನಕ್ಕೆ ಇಸ್ತ್ರಿ ಅಂಗಿ ಇದೆಯಾ?"

ಈ ಮನೆಯಲ್ಲಿ ಒಂದು ಮಾತು ಗುಟ್ಟಾಗಿ ಉಳಿಯುವುದಿಲ್ಲ. ಅಮ್ಮನ ಕೆಲಸ ಇದು.

"ನಿನ್ನ ಆಶ್ಚರ್ಯದ ಗುರುತುಗಳಿಗೇ ಅರ್ಧ ಮಸಿ ಖರ್ಚಾಗಿದೆ ನೋಡು" ಎಂದು ಮಾವ ಮಲಗಲು ಹೋದ.

ಜೂನ್ 22, ಗುರುವಾರ

ಇಸ್ತ್ರಿ ನನ್ನ ಕರಪತ್ರವನ್ನು ತಾನೇ ಗೋಂದು ಹಚ್ಚಿ ಶಾಲೆಯ ಹಲಗೆಗೆ ಅಂಟಿಸಿದ್ದಾನಂತೆ. ಸುಕ್ಕಿಲ್ಲದ ಹಾಗೆ, ನಾಲ್ಕೂ ಮೂಲೆಗೆ.

ಮೈಯೆಲ್ಲ ಉರಿಯಿತು.

ಜೂನ್ 23, ಶುಕ್ರವಾರ

ದೊಡ್ಡ ಮೇಡಂ ಕರೆಸಿದರು. ಅವರ ಮೇಜಿನ ಮೇಲೆ ನನ್ನ ಗುಲಾಬಿ ಹಾಳೆ, ಅದರ ಮೇಲೆ ಅವರ ಕನ್ನಡಕ.

"ನೋಡಮ್ಮಾ, ನೀನು ಇಲ್ಲೇ ಓದಿದ ಹುಡುಗಿ. ಪ್ರೀತಿಯಿಂದ ಹೇಳ್ತೀನಿ. ಒಂದೇ ಶಾಲೇಲಿ ವಾರದಲ್ಲಿ ಆರು ದಿನ ಒಂದು ಸತ್ಯ, ಭಾನುವಾರ ಇನ್ನೊಂದು ಸತ್ಯ ಅಂದ್ರೆ ಮಕ್ಕಳು ಪರೀಕ್ಷೇಲಿ ಏನು ಬರೀಬೇಕು?"

"ನಿಜ ಬರೀಲಿ."

"ಅದೇ, ಯಾವುದು?"

ಅವರ ತೀರ್ಪು: ಜುಲೈ ಎಂಟು, ಶನಿವಾರ, ಏಳನೇ ಕ್ಲಾಸಿನ ಎದುರು ಇಬ್ಬರೂ ತೋರಿಸಬೇಕು. ಯಾರ ಮಾತು ನಿಲ್ಲುತ್ತದೋ ಅವರ ಕೈಯಲ್ಲಿ ಹಿಂದಿನ ಕೋಣೆಯ ಬೀಗದ ಕೈ, ಭಾನುವಾರದ ಕ್ಲಾಸೂ ಅವರದೇ. ಇಸ್ತ್ರಿ ಮೂಲೆಯಲ್ಲಿ ನಿಂತಿದ್ದ. "ಮೇಡಂ, ಕೀ ಅವರ ಹತ್ತಿರಾನೇ ಇರ್ಲಿ. ನನಗೆ ಬೇಡ" ಅಂದ.

ನಾನು ಬಾಯಿ ಬಿಟ್ಟರೆ ಬೆಂಕಿ ಬರುತ್ತಿತ್ತು. ಬೇಡ ಅನ್ನುವಷ್ಟು ಇವನ ಹತ್ತಿರ ಇದೆ! ನನ್ನ ಹತ್ತಿರ ಇರುವುದು ಆ ಕೋಣೆ ಒಂದೇ.

"ದಾನ ಬೇಡ. ಶನಿವಾರ ನೋಡೋಣ" ಅಂದು ಬಂದೆ.

ಜೂನ್ 25, ಭಾನುವಾರ

ಯಾಕಮ್ಮ ಬರಲಿಲ್ಲ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಡಬ್ಬಿಯೇ ಬಾಯಿ ಬಿಟ್ಟ. ಇಸ್ತ್ರಿ ಬೀದಿಯಲ್ಲಿ ಲೈಟು ಕಂಬದ ನೆರಳನ್ನು ಗಂಟೆ ಗಂಟೆಗೂ ಅಳೆಸುತ್ತಿದ್ದಾನಂತೆ. ಟೇಪು ಹಿಡಿಯುವ ಕೆಲಸ ಯಾಕಮ್ಮನದಂತೆ.

ಬರುವಾಗ ಆ ಬೀದಿ ನನ್ನ ದಾರಿಯಲ್ಲ. ಆದರೂ ಹೋದೆ. ಔಷಧಿ ಅಂಗಡಿಯ ಮೆಟ್ಟಿಲಿನ ಹತ್ತಿರ ನಿಂತು ನೋಡಿದೆ. ಅವಳು ಮಂಡಿಯೂರಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ಅವನು ನೆರಳಿನಿಂದ ದೂರ, ಬಿಸಿಲಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. "ಯಾಕೆ ಸಾರ್ ತುದಿ ಮಸುಕಾಗಿದೆ? ಎಲ್ಲಿಗೆ ಗೆರೆ ಹಾಕ್ಲಿ?" ಅಂದಳು. ಅವನು, "ಗೊತ್ತಿಲ್ಲ ಕಣೇ. ನೀನೇ ಒಂದು ನಿಯಮ ಮಾಡು, ಪ್ರತಿ ಸಲಾನೂ ಅದೇ ನಿಯಮಕ್ಕೆ ನಿಲ್ಲು" ಅಂದ.

ಗೊತ್ತಿಲ್ಲ ಅನ್ನುವುದಕ್ಕೆ ಸಂಬಳ!

ಆದರೆ ಆ ಹುಡುಗಿಯ ಮುಖ. ಅದು ನನ್ನ ಕೋಣೆಯಲ್ಲಿ ಮಾತ್ರ ಹಾಗೆ ಇರುತ್ತಿತ್ತು ಅಂದುಕೊಂಡಿದ್ದೆ. ಆ ಮುಖವನ್ನು ಬೀದಿಯಲ್ಲಿ, ಯಾರು ಬೇಕಾದರೂ ನೋಡುವ ಹಾಗೆ ಇಟ್ಟುಕೊಂಡು ಕೂತಿದ್ದಳು.

ಮನೆಯಲ್ಲಿ ಊಟ ಸೇರಲಿಲ್ಲ. ಅಮ್ಮ, "ಹೊಟ್ಟೆಕಿಚ್ಚಿಗೆ ಒಲೆ ಬೇಕಿಲ್ಲ, ಅದೇ ಬೇಯಿಸಿಕೊಳ್ಳುತ್ತೆ" ಅಂದಳು. ನನ್ನದು ಹೊಟ್ಟೆಕಿಚ್ಚಲ್ಲ. ನನ್ನದು ತತ್ವ.

ಜೂನ್ 29, ಗುರುವಾರ

ಇಸ್ತ್ರಿ ಪ್ರೆಸ್ಸಿಗೇ ಬಂದಿದ್ದ. ಮಾವ ಟೀ ತರಿಸಿದ, ಕುರ್ಚಿ ಕೊಟ್ಟ, ಮಗ್ಗುಲಲ್ಲಿ ಕೂತು ಯಂತ್ರದ ಕಥೆ ಶುರುಮಾಡಿದ. ಸ್ವಂತ ಮಾವ!

"ಒಂದು ಕೇಳ್ಬೇಕಿತ್ತು" ಅಂದ ಇಸ್ತ್ರಿ ನನ್ನ ಕಡೆ ತಿರುಗಿ. "ನಿಮ್ಮ ನಟ್ಟುಗಳನ್ನ ಹೇಗೆ ಕಟ್ತೀರಿ ಅಂತ ಒಂದ್ಸಲ ನೋಡಬಹುದಾ? ಮಕ್ಕಳು ಹೇಳೋ ಪ್ರಕಾರ ನಿಮಗೆ ಒಂದೂವರೆ ಸೆಕೆಂಡು ವ್ಯತ್ಯಾಸ ಬಂದಿದೆ. ಅದು ಕೈತಪ್ಪಲ್ಲ, ಅಷ್ಟು ದೊಡ್ಡದು ಸುಮ್ಮನೆ ಬರೋದಿಲ್ಲ. ನನಗೆ ಬರ್ತಿಲ್ಲ. ಯಾಕೆ ಅಂತ ತಲೆ ಕೆಡ್ತಿದೆ."

"ಶನಿವಾರ ನೋಡಿ."

"ಮೊದಲೇ ನೋಡಿದ್ರೆ ಇಬ್ಬರೂ ಸೇರಿ—"

"ಶನಿವಾರ."

ಟೀ ಕುಡಿದು ಹೋದ. ಹೆದರಿದ್ದಾನೆ. ಹೆದರಿದವರೇ ಮೊದಲು ಬಂದು ಪ್ರಶ್ನೆಪತ್ರಿಕೆ ಕೇಳುವುದು. ಮಾವ ಮಾತ್ರ ಖಾಲಿ ಲೋಟ ಎತ್ತುತ್ತಾ, "ಒಳ್ಳೆ ಹುಡುಗ" ಅಂದ. ಎರಡು ದಿನ ಮಾವನ ಹತ್ತಿರ ಮಾತಿಲ್ಲ.

ಜುಲೈ 4, ಮಂಗಳವಾರ

ಏನಾಯಿತೋ ಅದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಯಂತ್ರ ನಿಂತಿದ್ದಾಗ ಶನಿವಾರಕ್ಕೆ ತಾಲೀಮು ಮಾಡೋಣವೆಂದು ಕಾಗದದ ಕಪಾಟಿನ ಮೊಳೆಗೆ ಲೋಲಕ ಕಟ್ಟಿದೆ. ಐದೂ ನಟ್ಟು ಸಿಕ್ಕಿಸಿ ಬಿಟ್ಟೆ. ಅವು ಒಂದಕ್ಕೊಂದು ತಾಗಿ ಠಣಠಣ ಅಂದವು. ಒಳಗೆ ಮಲಗಿದ್ದ ಮಾವ, "ಯಾರೇ ಅದು ಗಂಟೆ ಹೊಡೀತಿರೋದು, ನಿದ್ದೆ ಮಾಡೋಕೆ ಬಿಡಲ್ವಾ?" ಎಂದು ಕೂಗಿದ. ಸದ್ದಡಗಿಸಲು ಐದನ್ನೂ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ, ಆ ಗಂಟನ್ನೇ ದಾರದ ತುದಿಗೆ ನೇತುಹಾಕಿದೆ.

ಹದಿನಾಲ್ಕು ಸೆಕೆಂಡ್.

ಎಣಿಸಿದ್ದು ತಪ್ಪಿರಬೇಕು ಅಂದುಕೊಂಡೆ. ಮತ್ತೆ ಮಾಡಿದೆ. ಹದಿನಾಲ್ಕು. ಪ್ರೆಸ್ಸಿನ ಗಡಿಯಾರ ಕೆಟ್ಟಿರಬೇಕು. ಅದನ್ನು ಮಾವನ ಕೈಗಡಿಯಾರದ ಪಕ್ಕ ಇಟ್ಟು ನೋಡಿದೆ, ಎರಡೂ ಜೋಡಿ ಎತ್ತುಗಳ ಹಾಗೆ ಹೆಜ್ಜೆ ಹಾಕುತ್ತಿದ್ದವು. ಹಾಗಾದರೆ ಬಟ್ಟೆಯದೇ ಏನೋ ಕಿತಾಪತಿ. ಒಂಟಿ ನಟ್ಟನ್ನೂ ಅದೇ ಕರವಸ್ತ್ರದಲ್ಲಿ ಸುತ್ತಿ ಬಿಟ್ಟೆ. ಹದಿನಾಲ್ಕು. ಒಂದಕ್ಕೂ ಅಷ್ಟೇ, ಐದಕ್ಕೂ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಗಡಿಯಾರ, ಬಟ್ಟೆ, ಎಣಿಕೆ ಎಲ್ಲವನ್ನೂ ಡೊಂಕು ಅಂದು ಮುಗಿಸಿದ್ದೆ.

ಮತ್ತೆ ಐದನ್ನು ಸಾಲಾಗಿ ಸಿಕ್ಕಿಸಿ, ಈ ಸಲ ತೂಗಿಬಿಡದೆ, ಸುಮ್ಮನೆ ಎದುರಿಗೆ ಕೂತು ನೋಡಿದೆ. ಮೊದಲ ನಟ್ಟು ದಾರದ ತುದಿಯಲ್ಲಿ. ಎರಡನೆಯದು ಅದಕ್ಕಿಂತ ಕೆಳಗೆ. ಐದನೆಯದು ಇನ್ನೂ ಎಷ್ಟೋ ಕೆಳಗೆ, ಹೆಚ್ಚುಕಮ್ಮಿ ಒಂದು ಗೇಣು. ನಾನು ಭಾರವನ್ನಷ್ಟೇ ಹೆಚ್ಚಿಸುತ್ತಿರಲಿಲ್ಲ. ಲೋಲಕವನ್ನೇ ಉದ್ದ ಮಾಡುತ್ತಿದ್ದೆ. ದಾರ ಅದೇ, ದಾರ ಅದೇ ಎಂದು ಮಕ್ಕಳ ಕೈಲಿ ಕೂಗಿಸುತ್ತಾ, ಎಲ್ಲರೆದುರು ಕೊಕ್ಕೆಯ ಮೇಲೆ ಕೊಕ್ಕೆ ಸಿಕ್ಕಿಸಿ ಉದ್ದ ಮಾಡುತ್ತಿದ್ದೆ. ನಿಧಾನ ಮಾಡಿದ್ದು ಭಾರವಲ್ಲ, ಉದ್ದ.

ಒಂದನ್ನೇ ಬದಲಿಸು ಎಂದವಳು ಎರಡನ್ನು ಬದಲಿಸಿದ್ದೆ.

ಮಾವ ಎದ್ದು ಬಂದು, "ಸದ್ದು ನಿಂತಿತಲ್ಲ, ವಿಜ್ಞಾನ ಮುಗೀತಾ?" ಅಂದ.

ಜುಲೈ 5, ಬುಧವಾರ

ಶಾಂತವಾಗಿ ಯೋಚಿಸಿದೆ. ಸಾಲಾಗಿ ಕಟ್ಟಿದರೆ ನಿಧಾನವಾಗುವುದು ಸುಳ್ಳಲ್ಲವಲ್ಲ? ಗಡಿಯಾರವೇ ಹೇಳುತ್ತದೆ. ಶನಿವಾರ ಹಾಗೇ ಕಟ್ಟುತ್ತೇನೆ. ಬೀಗದ ಕೈ ನನ್ನ ಹತ್ತಿರ ಉಳಿಯಲಿ. ಆಮೇಲೆ ಯಾವುದೋ ಒಂದು ಭಾನುವಾರ, ನಿಧಾನವಾಗಿ, ಸರಿಯಾದದ್ದನ್ನೇ ಹೇಳಿಕೊಟ್ಟರಾಯಿತು. ದೊಡ್ಡ ಉದ್ದೇಶಕ್ಕಾಗಿ ಸಣ್ಣದೊಂದು ತಡ. ಕೋಣೆ ಅವನ ಕೈ ಸೇರಿದರೆ ಈ ಮಕ್ಕಳಿಗೆ ಅಳೆದು ನೋಡುವುದನ್ನು ಕಲಿಸುವವರು ಯಾರು?

ಮೇಲಿನ ಸಾಲನ್ನು ಎರಡು ಸಲ ಓದಿದೆ. ಸರಿಯಾಗಿಯೇ ಇದೆ.

ಜುಲೈ 7, ಶುಕ್ರವಾರ

ಕೊಕ್ಕೆಗಳಿಗೆ ಎಣ್ಣೆ ಹಚ್ಚಿದೆ. ಕರವಸ್ತ್ರ ಒಗೆದು ಒಣಹಾಕಿದೆ. ಅದನ್ನೇಕೆ ಒಗೆದೆನೋ, ನಾಳೆ ಅದಕ್ಕೆ ಕೆಲಸವಿಲ್ಲ.

ಜುಲೈ 8, ಶನಿವಾರ

ಏಳನೇ ಕ್ಲಾಸಿನ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ದೊಡ್ಡ ಮೇಡಂ ಕುರ್ಚಿ ಹಾಕಿಕೊಂಡು ನಡುವೆ ಕೂತಿದ್ದರು, ಮಡಿಲಲ್ಲಿ ಬೀಗದ ಕೈ. ಬಂದ ಕೂಡಲೇ ಅದನ್ನು ನನ್ನಿಂದ ಇಸಿದುಕೊಂಡಿದ್ದರು. "ಇಬ್ಬರಲ್ಲಿ ಮೊದಲು ಯಾರು?" ಅಂದರು. ನಾನು ಅಂದೆ.

ಮಕ್ಕಳು ಎರಡು ಪಾಳೆಯವಾಗಿದ್ದರು. ಡಬ್ಬಿ ನನ್ನ ಕಡೆ. ಯಾಕಮ್ಮ ಯಾರ ಕಡೆಯೂ ಇಲ್ಲ, ಕಿಟಕಿ ಕಟ್ಟೆಯ ಮೇಲೆ ಹತ್ತಿ ಕೂತಿದ್ದಳು.

ಇಸ್ತ್ರಿ ತನ್ನ ಸ್ಟಾಪ್‌ವಾಚನ್ನು ನನ್ನ ಮುಂದೆ ಹಿಡಿದ. "ಇದನ್ನೂ ಓಡಿಸೋಣ. ಎರಡು ಗಡಿಯಾರ ಇದ್ರೆ ಒಳ್ಳೇದು." ನನ್ನ ಸೋಲನ್ನೋ ಗೆಲುವನ್ನೋ ಎರಡೆರಡು ಸಲ ಬರೆದಿಡುವ ಆತುರ ಅವನಿಗೆ.

ಒಂಟಿ ನಟ್ಟು: ಹದಿನಾಲ್ಕು. ಐದು ನಟ್ಟಿನ ಸಾಲು: ಹಿಂದಿನ ಕೋಣೆಯಿಂದ ತಂದಿದ್ದ ನನ್ನ ಗಡಿಯಾರದಲ್ಲಿ ಹದಿನೈದೂವರೆ, ಅವನದರಲ್ಲೂ ಹೆಚ್ಚುಕಮ್ಮಿ ಅಷ್ಟೇ. ನನ್ನ ಪಾಳೆಯ ಬೆಂಚು ಬಡಿಯಿತು. "ಅಕ್ಕನೇ ಗೆದ್ದಿದ್ದು! ಅಕ್ಕನೇ ಗೆದ್ದಿದ್ದು!"

ಆಗ ಅವನ ಮುಖ ನೋಡಿದೆ. ಕೆಂಡದಂತೆ ಆಗಿರುತ್ತದೆ ಎಂದುಕೊಂಡಿದ್ದೆ. ಅವನು ನನ್ನನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಮೊಳೆಯಿಂದ ಹೊರಟು, ದಾರದ ಗುಂಟ ಇಳಿದು, ಮೊದಲ ನಟ್ಟು ದಾಟಿ, ಕೊನೆಯ ನಟ್ಟಿನವರೆಗೆ ಹೋಗಿ, ಮತ್ತೆ ಮೇಲೆ ಬಂದು ಸಾಲಿನ ನಟ್ಟನಡುವೆ ನಿಂತಿತು. ಅಲ್ಲೇ ಒಂದು ಕ್ಷಣ. ಆಮೇಲೆ ಹುಬ್ಬು ಸಡಿಲವಾಯಿತು. ಎಷ್ಟೋ ದಿನದಿಂದ ಕಾಡಿದ ಹಲ್ಲುನೋವು ನಿಂತವರ ಹಾಗೆ.

ಗೊತ್ತಾಗಿಬಿಟ್ಟಿದೆ.

"ಏನು ಮೇಷ್ಟ್ರೇ?" ಅಂದರು ದೊಡ್ಡ ಮೇಡಂ. "ಈಗ ನಿಮ್ಮ ಸರದಿ."

ಅವನು ಮಖಮಲ್ಲಿನ ಪೆಟ್ಟಿಗೆಯ ಮೇಲೆ ಕೈ ಇಟ್ಟ. ನನ್ನ ಪಾಳೆಯದ ಕಡೆ ನೋಡಿದ, ಡಬ್ಬಿಯ ಕಡೆ ನೋಡಿದ. ಪೆಟ್ಟಿಗೆ ತೆರೆಯಲಿಲ್ಲ. "ಇವರು ಅಳೆದದ್ದು ಸರಿಯಾಗೇ ಇದೆ ಮೇಡಂ. ನನ್ನ ಗಡಿಯಾರಾನೂ ಅದನ್ನೇ ಹೇಳ್ತಿದೆ. ನಂದು ಇನ್ನೊಂದು ದಿನ ತೋರಿಸ್ತೀನಿ. ಕೀ ಅವರಿಗೇ ಕೊಡಿ."

ಇನ್ನೊಂದು ದಿನ! ಮಕ್ಕಳೆದುರು ನನ್ನ ಮಾನ ಉಳಿಸಲು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ನನಗೆ ನನ್ನದೇ ಕೋಣೆಯನ್ನು ಭಿಕ್ಷೆ ಹಾಕುತ್ತಿದ್ದಾನೆ! ಆಮೇಲೆ ಒಂದು ದಿನ ಪ್ರೆಸ್ಸಿಗೆ ಬಂದು, ಟೀ ಕುಡಿದು, ಮೆಲ್ಲಗೆ ಹೇಳುತ್ತಾನೆ. ಜೀವನಪೂರ್ತಿ ಅವನು ಒಳ್ಳೆಯವನು, ನಾನು ಉಪಕಾರ ತಿಂದವಳು. ಪದವಿ ಅವನದು, ಸ್ಟಾಪ್‌ವಾಚು ಅವನದು, ಯಾಕಮ್ಮ ಅವನವಳು, ಈಗ ದೊಡ್ಡಮನಸ್ಸೂ ಅವನದೇ ಆಗಬೇಕಾ? ಅದೊಂದನ್ನು ನಾನು ಬಿಟ್ಟುಕೊಡಲಾರೆ.

"ನಿಲ್ಲಿ!" ಅಂದೆ. "ಸುಳ್ಳು ಹೇಳ್ತಿದಾರೆ ಇವರು!"

"ಏನಮ್ಮಾ ಇದು?" ಅಂದರು ದೊಡ್ಡ ಮೇಡಂ. "ನೀನೇ ಗೆದ್ದೆ ಅಂತಿದಾರಲ್ಲ, ಅದರಲ್ಲಿ ಸುಳ್ಳೇನು ಬಂತು?"

ಆಗ ಕಿಟಕಿ ಕಟ್ಟೆಯಿಂದ ಯಾಕಮ್ಮನ ದನಿ ಬಂತು. "ಅಕ್ಕ, ಉದ್ದ ಎಲ್ಲಿಂದ ಎಲ್ಲಿಗೆ ಅಳೀಬೇಕು? ದಾರದ ತುದಿಗಾ, ಕೊನೇ ನಟ್ಟಿಗಾ?"

ಅವಳಿಗೂ ಅನುಮಾನ ಬಂದಿದೆ. ಎಷ್ಟು ದಿನದಿಂದಲೋ. ಇಸ್ತ್ರಿ ಅವಳ ಕಡೆ ಕಣ್ಣಲ್ಲೇ ಸುಮ್ಮನಿರು ಅಂದ. ಅದನ್ನು ನೋಡಿದ ಮೇಲೆ ನನಗೆ ಉಳಿದದ್ದು ಒಂದೇ ದಾರಿ. ಜೇಬಿನಿಂದ ಕರವಸ್ತ್ರ ಹೊರತೆಗೆದೆ. ತಂದಿದ್ದೆ, ಯಾಕೆಂದು ಕೇಳಬೇಡಿ.

"ಡಬ್ಬಿ, ಬಾ ಇಲ್ಲಿ. ಐದೂ ಬಿಚ್ಚು. ಇದರಲ್ಲಿ ಗಂಟು ಕಟ್ಟು. ಒಂಟಿ ನಟ್ಟು ಎಲ್ಲಿತ್ತೋ ಸರಿಯಾಗಿ ಅಲ್ಲೇ ಇರಬೇಕು ಗಂಟು."

ಕಟ್ಟಿದ. ಬಿಟ್ಟ. ಮಕ್ಕಳು ಎಣಿಸಿದರು, ಹತ್ತಕ್ಕೆ ಬರುವಾಗ ದನಿ ಸಣ್ಣದಾಯಿತು. ಹದಿನಾಲ್ಕು.

"ಭಾರ ಅಷ್ಟೇ, ಐದು ನಟ್ಟು. ನಿಧಾನ ಎಲ್ಲಿ ಹೋಯ್ತು?" ಅಂದೆ. ನನ್ನ ದನಿ ನನಗೇ ಗೊತ್ತಾಗದಷ್ಟು ಗಟ್ಟಿಯಾಗಿತ್ತು. "ಆಗ ನಾನು ಏನೇನು ಬದಲಿಸಿದ್ದೆ, ಹೇಳಿ. ನಿಯಮ ಗೊತ್ತಲ್ಲ?"

ಡಬ್ಬಿ ಬಿಚ್ಚಿದ ಕೊಕ್ಕೆಗಳನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದವನು, ಅಳುಮುಖ ಮಾಡಿ ಹೇಳಿದ. "ಅಕ್ಕ, ನೀವು ಎರಡು ಬದಲಿಸಿದ್ರಿ. ಉದ್ದಾನೂ ಆಯ್ತು."

"ಹೂಂ. ಇವರಿಗೆ ಗೊತ್ತಾಯ್ತು, ಸುಮ್ಮನಿದ್ರು. ನಿಮ್ಮ ಸಾರ್ ಹಾಗೆ ನೀವು ಯಾವತ್ತೂ ಸುಮ್ಮನಿರಬೇಡಿ!"

ಕೊನೆಯ ಏಟು ನನ್ನದೇ ಆಯಿತು. ನಟ್ಟುಗಳನ್ನು ಅಲ್ಲೇ ಬಿಟ್ಟು ಬಂದೆ. ಬೀಗದ ಕೈ ಕಡೆ ನೋಡಲಿಲ್ಲ.

ಜುಲೈ 9, ಭಾನುವಾರ

ಹೋಗಲಿಲ್ಲ. ಬೆಳಗ್ಗೆಯಿಂದ ಪ್ರೆಸ್ಸಿನ ಅಟ್ಟ ಗುಡಿಸಿದೆ. ಈಗ ಮಕ್ಕಳು ಕಿಟಕಿ ತೆರೆಯುತ್ತಿರುತ್ತಾರೆ. ಈಗ ಡಬ್ಬಿ ಮೊದಲ ತುತ್ತಿಗೆ ಕೈ ಹಾಕಿರುತ್ತಾನೆ.

ಅಮ್ಮ ಏಣಿಯ ಬುಡದಲ್ಲಿ ನಿಂತು, "ಸೋತವರು ಧೂಳು ಹೊಡೀತಾರೆ ಅಂತ ಯಾವ ಕರಪತ್ರದಲ್ಲಿದೆ?" ಅಂದಳು.

ಜುಲೈ 12, ಬುಧವಾರ

ಯಾಕಮ್ಮ ಬಂದಿದ್ದಳು. ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ನಟ್ಟು ತಗೊಂಡು ಬರಲಿಲ್ವೇನೇ? ಅವು ಮಾವಂದು" ಅಂದೆ.

"ಬೇಕಾಗಿತ್ತು, ಅದಕ್ಕೆ ಇಟ್ಕೊಂಡಿದೀವಿ. ಅಕ್ಕ, ಸಾರ್ ಜೊತೆ ಜಗಳ ಆಗಿದೆ."

ಎದೆ ಹಗುರಾಯಿತು, ಸುಳ್ಳೇಕೆ ಹೇಳಲಿ. "ಯಾರಿಗೆ? ಯಾಕೆ?"

"ನನಗೆ. ಎಷ್ಟು ದೂರ ಎಳೆದು ಬಿಟ್ರೂ ತೂಗೋಕೆ ಅಷ್ಟೇ ಹೊತ್ತು ಅಂತ ಪುಸ್ತಕದಲ್ಲಿದೆಯಂತೆ. ನಾನು ದಾರ ಅಡ್ಡಡ್ಡ ಆಗೋವರೆಗೂ ಎಳೆದು ಬಿಟ್ಟೆ. ಜಾಸ್ತಿ ಬಂತು. ಸಾರ್ 'ಸ್ವಲ್ಪ ದೂರ ಎಳೆದ್ರೆ' ಅಂತ ಬರೆದಿದೆ ಅಂತಾರೆ. ಸ್ವಲ್ಪ ಅಂದ್ರೆ ಎಷ್ಟು ಅಂದ್ರೆ, ಗೊತ್ತಿಲ್ಲ ಅಂತಾರೆ."

ಸ್ವಲ್ಪ ಅಂದರೆ ಎಷ್ಟು! ಇಷ್ಟು ದಿನ ಕಿಟಕಿಯ ಮೊಳೆಗೆ ಕಟ್ಟಿ ತೂಗಿಸಿದೆ, ಈ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ? ಹೊಟ್ಟೆಯೊಳಗೆ ಹಳೆಯ ಉರಿ ಸಣ್ಣಗೆ ಹತ್ತಿತು, ಈ ಸಲ ಅದರ ಮುಖ ಯಾಕಮ್ಮನ ಕಡೆಗಿತ್ತು.

"ಪ್ರತಿ ಸಲ ಅರ್ಧರ್ಧ ಗೇಣು ಜಾಸ್ತಿ ಎಳೆದು ನೋಡಿದ್ರಾ?"

"ಇಲ್ಲ. ಅದಕ್ಕೇ ಬಂದೆ. ಭಾನುವಾರ ಬನ್ನಿ."

"ಕೀ ನನ್ನ ಹತ್ತಿರ ಇಲ್ಲ ಕಣೇ."

"ಯಾರ ಹತ್ತಿರಾನೂ ಇಲ್ಲ. ದೊಡ್ಡ ಮೇಡಂ ಅದನ್ನ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿಸಿದಾರೆ. ನಾವು ಮೊದಲು ಅದನ್ನೇ ತೂಗಿಸಿ ನೋಡಿದ್ವಿ."

ಜುಲೈ 16, ಭಾನುವಾರ

ಮಾವನ ನಟ್ಟು ವಾಪಸು ತರಲೆಂದು ಹೋಗಿದ್ದೆ.

ಮೇಷ್ಟ್ರು ಬಾಗಿಲಲ್ಲಿ ಇದ್ದರು. ಅಂಗಿಯ ಮೇಲೆ ಸೀಮೆಸುಣ್ಣ, ಒಂದು ತೋಳು ಮಡಿಚಿತ್ತು, ಇನ್ನೊಂದು ಇಲ್ಲ. "ಶನಿವಾರ ನಾನು ಮಾಡಿದ್ದು ತಪ್ಪು. ಹೇಳಿಬಿಡ್ಬೇಕಿತ್ತು" ಅಂದರು. ಹೌದು ಅಂದೆ. ಅಷ್ಟೇ ಮಾತು. ಗೋಡೆಯಿಂದ ಗಡಿಯಾರ ತೆಗೆದುಕೊಳ್ಳಲು ನಾನು ಕೈ ಚಾಚಿದೆ, ಅದೇ ಹೊತ್ತಿಗೆ ಅವರೂ ಸ್ಟಾಪ್‌ವಾಚಿಗೆ ಕೈ ಹಾಕಿದರು.

"ಇಬ್ಬರೂ ಮುಟ್ಟಬೇಡಿ!" ಅಂದಳು ಯಾಕಮ್ಮ.

"ಯಾಕೆ?" ಅಂದೆವು ಇಬ್ಬರೂ.

"ಸಾರ್‌ಗೆ ಪುಸ್ತಕ ಸರಿಯಾಗ್ಬೇಕು ಅಂತ ಆಸೆ. ಅಕ್ಕಂಗೆ ಪುಸ್ತಕ ತಪ್ಪಾಗ್ಬೇಕು ಅಂತ ಆಸೆ. ಆಸೆ ಇರೋರು ಗುಂಡಿ ಒತ್ತಿದ್ರೆ ಬೆರಳು ಬೇಗಾನೂ ಹೋಗುತ್ತೆ, ತಡಾನೂ ಆಗುತ್ತೆ. ನಾವು ನಿಯಮ ಮಾಡಿದೀವಿ. ಹಿಂದಿನ ಬೆಂಚಲ್ಲಿ ಕೂತ್ಕೊಳಿ."

ಗೋಡೆಯ ಮೇಲೆ ನನ್ನ ಇದ್ದಿಲ ಸಾಲಿನ ಕೆಳಗೆ, ಸೀಮೆಸುಣ್ಣದಲ್ಲಿ, ಸೊಟ್ಟ ಅಕ್ಷರದಲ್ಲಿ ಅದನ್ನು ಬರೆದೂ ಇದ್ದರು: ಗೆಲ್ಲಬೇಕಾದವರು ಗಡಿಯಾರ ಹಿಡಿಯಬಾರದು.

ಕೂತೆವು. ಏಳನೇ ಕ್ಲಾಸಿನ ಬೆಂಚು, ನಮ್ಮಿಬ್ಬರ ಮಂಡಿಯೂ ಗಲ್ಲಕ್ಕೆ ಬರುತ್ತಿತ್ತು. ಡಬ್ಬಿ ದಾರ ಎಳೆಯುವವನು, ಯಾಕಮ್ಮ ಗುಂಡಿ ಒತ್ತುವವಳು, ಇನ್ನೊಬ್ಬಳು ಹಲಗೆಯ ಮೇಲೆ ಬರೆಯುವವಳು. ಮೊದಲ ಅರ್ಧ ಗೇಣಿಗೆ ಬದಲಿಲ್ಲ. ಮೇಷ್ಟ್ರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಎರಡನೆಯದಕ್ಕೂ ಗೊತ್ತಾಗುವಂಥ ಬದಲಿಲ್ಲ. ಮೂರನೆಯದಕ್ಕೆ ಒಂದಿಷ್ಟು. ನಾನು ಹುಬ್ಬು ಹಾರಿಸಿದೆ.

"ಇನ್ನೊಂದು ಸಲ!" ಅಂದಳು ಯಾಕಮ್ಮ, ಹಲಗೆಯವಳಿಗೆ. "ಒಂದ್ಸಲ ಬಂದಿದ್ದನ್ನ ನಂಬಬಾರದು."

ಅದು ನಾನು ಹೇಳಿಕೊಟ್ಟದ್ದೋ ಅವರು ಹೇಳಿಕೊಟ್ಟದ್ದೋ ನೆನಪಾಗಲಿಲ್ಲ. ಕೇಳೋಣವೆಂದರೆ ಮೇಷ್ಟ್ರು ತುಟಿಯೊಳಗೇ ತೂಗು ಎಣಿಸುತ್ತಿದ್ದರು. ನನಗೆ ಆ ಗುಂಡಿಯ ಮೇಲೆ ಬೆರಳಿಡಬೇಕೆಂದು ಕೈ ತುರಿಸುತ್ತಿತ್ತು. ಆ ಹುಡುಗಿಯನ್ನು ಕಂಡರೆ ಇಷ್ಟು ಹೊಟ್ಟೆಕಿಚ್ಚು ಹಿಂದೆಂದೂ ಆಗಿರಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಪಕ್ಕದಲ್ಲಿ ನೋಡಿದರೆ ಅವರೂ ಹಾಗೇ ಕೂತಿದ್ದರು.

ನಟ್ಟು ತರುವುದು ಮರೆತೇಹೋಯಿತು. ಮುಂದಿನ ಭಾನುವಾರ ಮತ್ತೆ ಹೋಗಬೇಕು.